ಪ್ರತಿರೂಪಕ ವ್ಯವಹಾರ: ಬ್ರೌಸರಿನ ವೇಷದ ಬಾಟ್‌ಗಳೂ ಗ್ರಂಥಭಂಡಾರದ ಬಾಗಿಲೂ

ಸಂಶೋಧನ ವಿದ್ಯಾರ್ಥಿಯೊಬ್ಬ ಇಂದು ಅಂತರಜಾಲದ ಒಂದು ಗ್ರಂಥಭಂಡಾರವನ್ನು ತೆರೆಯಹೊರಟರೆ ಪುಸ್ತಕಕ್ಕಿಂತ ಮೊದಲು ಅವನಿಗೆ ಎದುರಾಗುವುದು ಒಂದು ಪ್ರಶ್ನೆ: ನೀನು ಮನುಷ್ಯನೇ? ಕೆಲವೆಡೆ ಒಂದು ಚೌಕಕ್ಕೆ ಗುರುತು ಹಾಕಬೇಕು. ಕೆಲವೆಡೆ ಚಿತ್ರಗಳ ನಡುವೆ ಬಸ್ಸುಗಳನ್ನೋ ಸಂಚಾರದೀಪಗಳನ್ನೋ ಹುಡುಕಿ ತೋರಿಸಬೇಕು. ಕೆಲವೆಡೆ ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡುತ್ತ ಕಾಯಬೇಕು. ಕಾರಣವನ್ನೇ ತಿಳಿಸದೆ ಪ್ರವೇಶ ನಿರಾಕರಿಸುವ ಭಂಡಾರಗಳೂ ಉಂಟು. ಈ ಕಾವಲು ಓದುಗರ ಮೇಲಿನ ದ್ವೇಷದಿಂದ ಹುಟ್ಟಿಕೊಂಡದ್ದೇನೂ ಅಲ್ಲ. ಬ್ರೌಸರಿನ ವೇಷ ಧರಿಸಿ, ಓದುಗನಂತೆ ನಟಿಸಿ, ಭಂಡಾರದ ಪುಟಗಳನ್ನೆಲ್ಲ ಹಗಲಿರುಳೂ ಬಾಚಿಕೊಳ್ಳುವ ಸ್ವಯಂಚಾಲಿತ ಬಾಟ್‌ಗಳ ಹಾವಳಿಯೇ ಅದರ ಮೂಲ.

ಈ ಹಾವಳಿಯ ಕುರಿತು ಎರಡು ವಾದಗಳು ಪ್ರಚಲಿತವಾಗಿವೆ. ಸಾರ್ವಜನಿಕವಾಗಿ ಇಟ್ಟದ್ದನ್ನು ಯಾರು ಹೇಗೆ ಬೇಕಾದರೂ ತೆಗೆದುಕೊಳ್ಳಬಹುದು, ಯಂತ್ರ ಓದಿದರೂ ಅದು ಓದೇ ಎಂಬುದು ಒಂದು. ಯಂತ್ರವನ್ನು ಕಂಡಲ್ಲಿ ತಡೆಯಬೇಕು, ಅದಕ್ಕಾಗಿ ಓದುಗರೆಲ್ಲರನ್ನೂ ಪರೀಕ್ಷೆಗೆ ಒಡ್ಡಿದರೂ ಸರಿಯೇ ಎಂಬುದು ಇನ್ನೊಂದು. ಎರಡೂ ದೋಷಯುಕ್ತ. ಬಾಟ್ ಯಂತ್ರವಾಗಿರುವುದು ಅಪರಾಧವೇನಲ್ಲ. ತಾನು ಯಾರೆಂಬುದನ್ನು ಮರೆಮಾಚುವುದು, ಮುಚ್ಚಿದ ಬಾಗಿಲನ್ನು ದಾಟುವುದು ಅಪರಾಧ. ಆದ್ದರಿಂದ ತಡೆ ಕೂಡ ಮೋಸದ ನಡತೆಯನ್ನು ಗುರಿಯಾಗಿಸಿಕೊಳ್ಳಬೇಕೇ ಹೊರತು ಓದುಗನ ಸಾಧನ, ವಿಳಾಸ, ದೇಹಸಾಮರ್ಥ್ಯಗಳನ್ನಲ್ಲ. ಈ ವಿವೇಕವಿಲ್ಲದ ಕಾವಲು ಕಳ್ಳನನ್ನು ಒಳಗೆ ಬಿಟ್ಟು ಓದುಗನನ್ನು ಹೊರಗೆ ನಿಲ್ಲಿಸುತ್ತದೆ.

ವೇಷದ ಇತಿಹಾಸವನ್ನು ಬಾಟ್‌ಗಳಿಂದಲ್ಲ, ಬ್ರೌಸರುಗಳಿಂದಲೇ ಆರಂಭಿಸಬೇಕಾಗುತ್ತದೆ. ಬ್ರೌಸರು ಪ್ರತಿಯೊಂದು ಪುಟವನ್ನು ಕೇಳುವಾಗಲೂ ತನ್ನ ಹೆಸರನ್ನು ತಿಳಿಸುವ ಒಂದು ಸಾಲನ್ನು ಸರ್ವರಿಗೆ ಕಳಿಸುತ್ತದೆ. ಅದಕ್ಕೆ ಯೂಸರ್ ಏಜೆಂಟ್ ಎಂದು ಹೆಸರು. 1994ರಲ್ಲಿ ಬಂದ ನೆಟ್‌ಸ್ಕೇಪ್ ತನ್ನನ್ನು ಮೊಜಿಲ್ಲಾ ಎಂದು ಪರಿಚಯಿಸಿಕೊಳ್ಳುತ್ತಿತ್ತು. ಆ ಹೆಸರು ಹೇಳಿದವರಿಗೆ ಮಾತ್ರ ಸರ್ವರುಗಳು ಸಮೃದ್ಧವಾದ ಪುಟಗಳನ್ನು ಕಳಿಸುತ್ತಿದ್ದುದರಿಂದ 1995ರಲ್ಲಿ ಬಂದ ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ತಾನು ಮೊಜಿಲ್ಲಾ ಎಂದೇ ಹೇಳಿಕೊಂಡು, ನಿಜನಾಮವನ್ನು ಆವರಣದೊಳಗೆ ಸೇರಿಸಿತು. 2003ರ ಸಫಾರಿಯೂ 2008ರ ಕ್ರೋಮ್ ಕೂಡ ಅದೇ ದಾರಿಯನ್ನು ಹಿಡಿದವು. ಇಂದಿಗೂ ಬಹುತೇಕ ಬ್ರೌಸರುಗಳ ಆತ್ಮಪರಿಚಯ ಮೊಜಿಲ್ಲಾ ಎಂಬ ಪದದಿಂದಲೇ ಮೊದಲಾಗುತ್ತದೆ. ಯಾರು ಬೇಕಾದರೂ ಬರೆದುಕೊಳ್ಳಬಹುದಾದ ಈ ಒಂದು ಸಾಲನ್ನು ನಂಬಿ ಬಂದವರು ಯಾರೆಂದು ನಿರ್ಧರಿಸುವುದು ಅಂದಿಗೂ ಸಾಧ್ಯವಿರಲಿಲ್ಲ, ಇಂದಿಗೂ ಸಾಧ್ಯವಿಲ್ಲ.

ಅದೇ 1994ರಲ್ಲಿ ಮಾರ್ಟಿನ್ ಕೋಸ್ಟರ್ ಎಂಬ ತಂತ್ರಜ್ಞ ಒಂದು ಸರಳವಾದ ಕಟ್ಟಳೆಯನ್ನು ಸೂಚಿಸಿದ. ಜಾಲತಾಣದ ಒಡೆಯ ರೋಬೋಟ್ಸ್ ಡಾಟ್ ಟೆಕ್ಸ್ಟ್ ಎಂಬ ಕಡತದಲ್ಲಿ ಯಾವ ಬಾಟ್ ಯಾವ ಭಾಗಕ್ಕೆ ಬರಬಾರದೆಂದು ಬರೆದಿಡುವುದು, ಬಂದ ಬಾಟ್ ಮೊದಲು ಅದನ್ನು ಓದಿ ಅದರಂತೆ ನಡೆದುಕೊಳ್ಳುವುದು. ಆ ಕಟ್ಟಳೆ ಅಧಿಕೃತ ಮಾನಕವಾಗಿ ಪ್ರಕಟವಾದದ್ದು 2022ರಲ್ಲಿ. ಅಲ್ಲಿಯವರೆಗಿನ 28 ವರ್ಷ ಅದು ನಡೆದದ್ದು ಪರಸ್ಪರ ಮರ್ಯಾದೆಯ ಮೇಲೆ. ಅದಕ್ಕೆ ಬೀಗವಿಲ್ಲ, ಶಿಕ್ಷೆಯೂ ಇಲ್ಲ. ಗೂಗಲಿನ ಶೋಧಕ ಬಾಟ್, ಇಂಟರ್‌ನೆಟ್ ಆರ್ಕೈವಿನ ಸಂಗ್ರಾಹಕ ಬಾಟ್ ಮುಂತಾದವು ತಮ್ಮ ಹೆಸರನ್ನು ಹೇಳಿಕೊಂಡು ಬರುತ್ತವೆ. ಗೂಗಲಿನ ಹೆಸರು ಹೇಳಿ ಬಂದದ್ದು ನಿಜವಾಗಿಯೂ ಗೂಗಲೇ ಎಂಬುದನ್ನು ಪರೀಕ್ಷಿಸಲು, ಅದರ ಐಪಿ ವಿಳಾಸದಿಂದ ಹೆಸರನ್ನೂ ಆ ಹೆಸರಿನಿಂದ ಮತ್ತೆ ವಿಳಾಸವನ್ನೂ ತಾಳೆ ನೋಡುವ ವಿಧಾನವುಂಟು. ಹೆಸರು ಹೇಳುವವರ ಮಟ್ಟಿಗೆ ವ್ಯವಸ್ಥೆ ಸುಸೂತ್ರವಾಗಿಯೇ ಇದೆ. ತೊಡಕಿರುವುದು ಹೆಸರನ್ನು ಬದಲಿಸಿಕೊಂಡವರಲ್ಲಿ.

ಅವರ ವೇಷ ಈಗ ಬಹಳ ಸೂಕ್ಷ್ಮವಾಗಿದೆ. 2017ರಿಂದ ಕ್ರೋಮ್ ಬ್ರೌಸರನ್ನು ಪರದೆಯಿಲ್ಲದೆ, ಮನುಷ್ಯನಿಲ್ಲದೆ, ಆಜ್ಞೆಗಳ ಮೂಲಕವೇ ಓಡಿಸಬಹುದಾಗಿದೆ. ಸಂಶೋಧಕರಿಗೂ ತಂತ್ರಾಂಶ ಪರೀಕ್ಷಕರಿಗೂ ಉಪಯುಕ್ತವಾದ ಈ ಸೌಲಭ್ಯವೇ ವಂಚಕ ಬಾಟ್‌ಗೆ ಸಿದ್ಧವಾದ ಮುಖವಾಡವೂ ಆಯಿತು. ಅದರ ಮೇಲೆ ವಿಳಾಸದ ವೇಷ ಬೇರೆ. ಮನೆಗಳ ಅಂತರಜಾಲ ಸಂಪರ್ಕಗಳ ಮೂಲಕ ಬೇಡಿಕೆಗಳನ್ನು ಹಾಯಿಸಿಕೊಡುವ ರೆಸಿಡೆನ್ಷಿಯಲ್ ಪ್ರಾಕ್ಸಿ ಎಂಬ ವ್ಯಾಪಾರ ಬೆಳೆದಿದೆ. ತಮ್ಮ ಫೋನಿನ ಯಾವುದೋ ಆ್ಯಪ್ ತಮ್ಮ ಸಂಪರ್ಕವನ್ನು ಹೀಗೆ ಮಾರುತ್ತಿರುವುದು ಎಷ್ಟೋ ಮಂದಿಗೆ ಗೊತ್ತೇ ಇರುವುದಿಲ್ಲ. ಸಾವಿರಾರು ವಿಳಾಸಗಳಿಂದ ಒಂದೊಂದೇ ಪುಟವನ್ನು ಕೇಳುತ್ತ ಹೋದರೆ ಸರ್ವರಿಗೆ ಅವು ಸಾವಿರಾರು ಓದುಗರಂತೆ ಕಾಣುತ್ತವೆ.

ಇಂಥವನ್ನು ಪತ್ತೆ ಮಾಡುವ ಬಗೆ ಶಾಸನಶಾಸ್ತ್ರ ಬಲ್ಲವರಿಗೆ ಹೊಸದೆನಿಸಲಾರದು. ಕೂಟಶಾಸನವೊಂದು ತಾನು ಇಂಥ ಶಕವರ್ಷದ್ದೆಂದು ಹೇಳಿಕೊಳ್ಳುತ್ತದೆ. ಅಕ್ಷರಗಳ ರೂಪ ಶತಮಾನಗಳ ಅನಂತರದ್ದಾಗಿರುತ್ತದೆ. ತಿಥಿಗೂ ವಾರಕ್ಕೂ ಹೊಂದಿಕೆಯಿರುವುದಿಲ್ಲ. ಹೇಳಿಕೆಗೂ ಲಕ್ಷಣಕ್ಕೂ ಇರುವ ವಿರೋಧವೇ ಅದನ್ನು ಹಿಡಿದುಕೊಡುತ್ತದೆ. ಬಾಟ್ ಸಿಕ್ಕಿಬೀಳುವುದೂ ಹೀಗೆಯೇ. ತಾನು ಕ್ರೋಮ್ ಎಂದು ಹೇಳಿಕೊಂಡ ಆಗಂತುಕ ಸುರಕ್ಷಿತ ಸಂಪರ್ಕವನ್ನು ಸ್ಥಾಪಿಸುವಾಗ ಮೊದಲ ಸಂದೇಶದಲ್ಲಿ ಮಂಡಿಸುವ ಸಂಕೇತಗಳ ಪಟ್ಟಿ ಕ್ರೋಮಿನದಾಗಿರದೆ ಯಾವುದೋ ಪೈಥಾನ್ ತಂತ್ರಾಂಶದ್ದಾಗಿರುತ್ತದೆ. ಈ ಪಟ್ಟಿಯಿಂದ ಬೆರಳಚ್ಚಿನಂಥ ಗುರುತನ್ನು ತೆಗೆಯುವ ಜೆಎ3 ಎಂಬ ವಿಧಾನವನ್ನು 2017ರಲ್ಲಿ ಸೇಲ್ಸ್‌ಫೋರ್ಸ್ ಸಂಸ್ಥೆಯ ತಂತ್ರಜ್ಞರು ಪ್ರಕಟಿಸಿದರು. ಬ್ರೌಸರು ತಪ್ಪದೆ ಕಳಿಸುವ ಭಾಷಾಸೂಚನೆ ಕೆಲವೊಮ್ಮೆ ಇರುವುದೇ ಇಲ್ಲ. ಪುಟದ ಪಠ್ಯವನ್ನು ಮಾತ್ರ ತೆಗೆದುಕೊಂಡು ಚಿತ್ರಗಳನ್ನೂ ವಿನ್ಯಾಸದ ಕಡತಗಳನ್ನೂ ಬಿಟ್ಟುಹೋಗುವುದುಂಟು. ಯಂತ್ರಚಾಲಿತವಾದ ಬ್ರೌಸರು ತಾನು ಹಾಗಿರುವುದನ್ನು ಒಂದು ಗುಣಪದದ ಮೂಲಕ ಒಪ್ಪಿಕೊಳ್ಳಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ಮಿನ 2018ರ ಮಾನಕ ಹೇಳುತ್ತದೆ. ವಂಚಕರು ಅಳಿಸಿಹಾಕಲೆತ್ನಿಸುವ ಮೊದಲ ಗುರುತು ಅದೇ.

ಈ ಹೋಲಿಕೆಯಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಗಂಗರ ತಾಮ್ರಶಾಸನಗಳನ್ನು ಜೆ.ಎಫ್. ಫ್ಲೀಟ್ ಸಗಟಾಗಿ ಸಂಶಯಿಸಿದ, ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಅವುಗಳಲ್ಲಿ ಕೂಟಶಾಸನಗಳು ಇದ್ದದ್ದು ನಿಜ. ಆದರೆ ಮುಂದಿನ ವಿದ್ವಾಂಸರು ಒಂದೊಂದನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿ ಕೆಲವನ್ನು ನೈಜವೆಂದು ಅಂಗೀಕರಿಸಿದ್ದರಿಂದಲೇ ಗಂಗರ ಆರಂಭಕಾಲದ ಇತಿಹಾಸಕ್ಕೆ ಆಧಾರ ಉಳಿಯಿತು. ಸಂಶಯ ಸಂಶೋಧನೆಯ ಸಾಧನ. ಸಗಟು ಸಂಶಯ ಸಂಶೋಧನೆಗೆ ಸೋಮಾರಿತನ ಹಾಕಿಕೊಂಡ ಹೆಸರು.

ಹಾವಳಿ ಎಷ್ಟರ ಮಟ್ಟಿನದು ಎಂಬುದಕ್ಕೆ ವಿಕಿಮೀಡಿಯಾ ಪ್ರತಿಷ್ಠಾನ 2025ರಲ್ಲಿ ಪ್ರಕಟಿಸಿದ ವಿವರಗಳು ಸಾಕ್ಷಿ. 2024ರ ಜನವರಿಯಿಂದೀಚೆಗೆ ಚಿತ್ರ ಮತ್ತು ದೃಶ್ಯಕಡತಗಳ ರವಾನೆಗೆ ತಗಲುವ ಪ್ರಮಾಣ ಶೇಕಡಾ 50ರಷ್ಟು ಏರಿತು. ಪುಟವೀಕ್ಷಣೆಯಲ್ಲಿ ಬಾಟ್‌ಗಳ ಪಾಲು ಶೇಕಡಾ 35ರಷ್ಟಿದ್ದರೆ ಅತಿ ವೆಚ್ಚದ ಬೇಡಿಕೆಗಳಲ್ಲಿ ಅವುಗಳ ಪಾಲು ಶೇಕಡಾ 65. ಕಾರಣ ಸ್ಪಷ್ಟವಾಗಿದೆ. ಮನುಷ್ಯರು ಬಹುಮಟ್ಟಿಗೆ ಒಂದೇ ಬಗೆಯ ಜನಪ್ರಿಯ ಪುಟಗಳನ್ನು ನೋಡುತ್ತಾರೆ; ಅವುಗಳ ಪ್ರತಿಯನ್ನು ಹತ್ತಿರದ ಸರ್ವರುಗಳಲ್ಲಿ ಇಟ್ಟಿರಬಹುದು. ಬಾಟ್ ಯಾರೂ ನೋಡದ ಪುಟಗಳನ್ನೂ ಸೇರಿಸಿ ಎಲ್ಲವನ್ನೂ ಕೇಳುತ್ತದೆ. ಅವನ್ನು ಪ್ರತಿ ಸಲವೂ ಮೂಲ ಸಂಗ್ರಹದಿಂದಲೇ ತರಬೇಕಾಗುತ್ತದೆ. ಅದೇ ವರ್ಷದ ಮೇ ತಿಂಗಳ ಸುಮಾರಿಗೆ ವಿಕಿಪೀಡಿಯಕ್ಕೆ ಮನುಷ್ಯರದೆಂದು ತೋರುವ ಭೇಟಿಗಳು ಅಸಹಜವಾಗಿ ಏರಿದವು; ಹೆಚ್ಚಿನವು ಬ್ರೆಜಿಲಿನಿಂದ ಬಂದಂತಿದ್ದವು. ಪತ್ತೆಯ ಕ್ರಮವನ್ನು ತಿದ್ದಿ ಮತ್ತೆ ಎಣಿಸಿದಾಗ ಆ ಏರಿಕೆಯ ಬಹುಭಾಗ ಗುರುತು ತಪ್ಪಿಸಲೆಂದೇ ರೂಪಿಸಿದ ಬಾಟ್‌ಗಳದೆಂದು ತಿಳಿಯಿತು. ನಿಜವಾದ ಮನುಷ್ಯರ ಪುಟವೀಕ್ಷಣೆ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಸುಮಾರು ಶೇಕಡಾ 8ರಷ್ಟು ಇಳಿದಿತ್ತು. ವೇಷವು ವೆಚ್ಚವನ್ನು ಏರಿಸಿದ್ದಲ್ಲದೆ ಓದು ಕುಗ್ಗುತ್ತಿರುವ ಸತ್ಯವನ್ನೂ ಮುಚ್ಚಿಟ್ಟಿತ್ತು.

ವಿಶ್ವವಿದ್ಯಾಲಯಗಳ ಮುಕ್ತ ಭಂಡಾರಗಳ ಒಕ್ಕೂಟವಾದ ಕೋರ್ 2025ರಲ್ಲಿ ನಡೆಸಿದ ಸಮೀಕ್ಷೆಗೆ 66 ಭಂಡಾರಗಳು ಉತ್ತರಿಸಿದವು. ಶೇಕಡಾ 90ಕ್ಕಿಂತ ಹೆಚ್ಚು ಭಂಡಾರಗಳು ಬಾಟ್‌ಗಳ ಆಕ್ರಮಣವನ್ನು ಅನುಭವಿಸಿದ್ದವು, ಅದೂ ಸಾಮಾನ್ಯವಾಗಿ ವಾರಕ್ಕೊಂದಕ್ಕಿಂತ ಹೆಚ್ಚು ಬಾರಿ. ವಸ್ತುಸಂಗ್ರಹಾಲಯ, ಗ್ರಂಥಾಲಯ, ದಾಖಲಾಗಾರಗಳನ್ನು ಕುರಿತ ಅದೇ ವರ್ಷದ ಗ್ಲಾಮ್-ಇ ಲ್ಯಾಬ್ ಸಮೀಕ್ಷೆಯಲ್ಲಿ 43 ಸಂಸ್ಥೆಗಳ ಪೈಕಿ 39 ಸಂಸ್ಥೆಗಳು ಭೇಟಿಗಳ ಏರಿಕೆಯನ್ನು ವರದಿ ಮಾಡಿದವು. ಲೇಖಕ, ಕಾಲ, ವಿಷಯ, ಭಾಷೆ ಎಂದು ನಾಲ್ಕು ಬಗೆಯಲ್ಲಿ ಶೋಧಿಸಬಹುದಾದ ಗ್ರಂಥಸೂಚಿಯಲ್ಲಿ ಆ ನಾಲ್ಕರ ಜೋಡಣೆಗಳು ಲಕ್ಷಾಂತರ. ಮನುಷ್ಯ ತನಗೆ ಬೇಕಾದ ಎರಡನ್ನು ಕೇಳುತ್ತಾನೆ. ಬಾಟ್ ಎಲ್ಲವನ್ನೂ ಕೇಳುತ್ತದೆ. ಸಣ್ಣ ಸಂಸ್ಥೆಯ ಒಂದೇ ಸರ್ವರು ಅಲ್ಲಿ ಕುಸಿಯುತ್ತದೆ.

ಈಗ ಮೊದಲನೆಯ ವಾದವನ್ನು ಪರಿಶೀಲಿಸಬಹುದು. ಸಾರ್ವಜನಿಕವಾದದ್ದನ್ನು ತೆಗೆದುಕೊಂಡರೆ ತಪ್ಪೇನು? ಈ ಪ್ರಶ್ನೆಯನ್ನು ಜೈನ ಆಚಾರಮೀಮಾಂಸೆ ಶತಮಾನಗಳ ಹಿಂದೆಯೇ ಎತ್ತಿಕೊಂಡಿದೆ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು, ಅಂದರೆ ಅದತ್ತಾದಾನ, ಕಳವು ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಹಾಗಾದರೆ ಊರಿನ ಬೀದಿಯಲ್ಲಿ, ಹೆಬ್ಬಾಗಿಲುಗಳಲ್ಲಿ ಯಾರನ್ನೂ ಕೇಳದೆ ನಡೆಯುವ ಮುನಿಗೂ ಕಳವಿನ ದೋಷ ತಗಲುವುದಿಲ್ಲವೇ ಎಂಬ ಆಕ್ಷೇಪವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಾವೇ ಎತ್ತಿ ಉತ್ತರಿಸುತ್ತಾರೆ. ಬೀದಿಯೂ ಹೆಬ್ಬಾಗಿಲೂ ಎಲ್ಲರಿಗಾಗಿ ಬಿಟ್ಟವು, ಆದ್ದರಿಂದ ದೋಷವಿಲ್ಲ. ಆ ಮುನಿಯೇ ಮುಚ್ಚಿದ ಬಾಗಿಲಿನೊಳಗೆ ಹೋಗುವುದಿಲ್ಲ, ಏಕೆಂದರೆ ಅದನ್ನು ಬಿಟ್ಟುಕೊಟ್ಟಿಲ್ಲ. ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ಇರುವ ಗೆರೆಯನ್ನು ಇದಕ್ಕಿಂತ ಖಚಿತವಾಗಿ ಎಳೆಯುವುದು ಕಷ್ಟ. ರೋಬೋಟ್ಸ್ ಡಾಟ್ ಟೆಕ್ಸ್ಟ್ ಕಡತ ಹೇಳುವುದೂ ಇಷ್ಟೇ: ಇಲ್ಲಿಯವರೆಗೆ ಬೀದಿ, ಇಲ್ಲಿಂದ ಮುಂದೆ ಮುಚ್ಚಿದ ಬಾಗಿಲು. ಅಗುಳಿ ಇಲ್ಲವೆಂಬುದು ಒಳನುಗ್ಗಲು ಅನುಮತಿಯಾಗದು.

ಅಚೌರ್ಯವ್ರತದ ಅತಿಚಾರಗಳ ವಿಂಗಡಣೆ ಈ ವ್ಯವಹಾರಕ್ಕೆ ಇನ್ನೂ ಹತ್ತಿರವಾಗಿದೆ. ನಕಲಿಯನ್ನು ಅಸಲಿಯೆಂದು ನಡೆಸುವುದು ಪ್ರತಿರೂಪಕ ವ್ಯವಹಾರ. ಕೃತಕ ಚಿನ್ನವನ್ನು ಚಿನ್ನವೆಂದು ಚಲಾಯಿಸುವ ವಂಚನೆ ಅದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ. ಯಂತ್ರವು ಓದುಗನೆಂದು ತೋರಿಸಿಕೊಂಡು ಪುಟ ಕೇಳುವುದು ಇದೇ ಜಾತಿಗೆ ಸೇರಿದ್ದು. ಕದ್ದು ತಂದದ್ದನ್ನು ಕೊಳ್ಳುವುದು ತದಾಹೃತಾದಾನ. ಬಾಚಿಕೊಂಡ ದತ್ತವನ್ನು ಮೂರನೆಯವರಿಂದ ಕೊಂಡು, ತಮ್ಮ ಬಾಟ್ ಅಲ್ಲಿಗೆ ಹೋಗಿಯೇ ಇಲ್ಲವೆಂದು ಹೇಳುವ ಸಂಸ್ಥೆಗಳಿಗೆ ಈ ಹೆಸರು ಅನ್ವಯಿಸುತ್ತದೆ. ಕಳವಿಗೆ ಇತರರನ್ನು ಹಚ್ಚುವುದು ಸ್ತೇನಪ್ರಯೋಗ. ಅರಿಯದ ಗೃಹಸ್ಥರ ಸಂಪರ್ಕವನ್ನು ಬಾಡಿಗೆಗೆ ಕೊಟ್ಟು ಬಾಟ್‌ಗಳನ್ನು ಹಾಯಿಸುವ ಪ್ರಾಕ್ಸಿ ವ್ಯಾಪಾರ ಅದರ ನೆರೆಯಲ್ಲಿದೆ. ತಂತ್ರಜ್ಞಾನ ಹೊಸದು, ಆದುದರಿಂದ ಹಳೆಯ ನೀತಿ ಅನ್ವಯಿಸದು ಎನ್ನುವವರು ಈ ಪಟ್ಟಿಯನ್ನೊಮ್ಮೆ ನೋಡಬೇಕು.

ಹಾಗೆಂದು ಪ್ರತಿ ಮಾಡುವುದೇ ಪಾಪವೆಂದು ಸಾರುವುದು ಕನ್ನಡ ಜೈನ ಪರಂಪರೆಗೆ ಸಲ್ಲದ ಮಾತು. ಶಾಸ್ತ್ರದಾನವನ್ನು ಆಹಾರ, ಔಷಧ, ಅಭಯಗಳ ಸಾಲಿನಲ್ಲಿ ಇಟ್ಟ ಪರಂಪರೆ ಇದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆ ದಾನಚಿಂತಾಮಣಿ ಎನಿಸಿಕೊಂಡಳು. ಆ ಪ್ರತಿಗಳ ಹಿಂದೆ ಮಾಡಿಸಿದವಳ ಹೆಸರಿತ್ತು, ವೆಚ್ಚವನ್ನು ಅವಳೇ ಹೊತ್ತಿದ್ದಳು, ಕೃತಿಯ ಓದುಗರು ಹೆಚ್ಚಿದರು. ವೇಷದ ಬಾಟ್ ಹೆಸರನ್ನು ಮರೆಮಾಚುತ್ತದೆ, ವೆಚ್ಚವನ್ನು ಭಂಡಾರದ ಮೇಲೆ ಹೇರುತ್ತದೆ, ಅದು ಪ್ರತಿ ಮಾಡಿಕೊಳ್ಳುತ್ತಿರುವಾಗ ಬೇರೆ ಓದುಗರಿಗೆ ಪುಟ ತೆರೆಯುವುದೇ ಇಲ್ಲ. ಮುನಿಗಳ ಆಹಾರವಿಧಿಗೆ ಭ್ರಾಮರೀವೃತ್ತಿ ಎಂಬ ಹೆಸರುಂಟು. ಹೂವಿಗೆ ನೋವಾಗದಷ್ಟು ಮಾತ್ರ ದುಂಬಿ ತೆಗೆದುಕೊಳ್ಳುತ್ತದೆ. ಯಂತ್ರಕ್ಕೂ ಆ ಮಿತಿ ಸಾಧ್ಯ. ಎರಡು ಬೇಡಿಕೆಗಳ ನಡುವೆ ಕೆಲವು ಕ್ಷಣ ಬಿಡುವು ಕೊಡುವುದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ಅದನ್ನು ಬರೆಯದಿರುವುದು ಲೋಭದ ಆಯ್ಕೆ.

ಎರಡನೆಯ ವಾದ ಇದಕ್ಕಿಂತ ಸಜ್ಜನರದು, ಆ ಕಾರಣಕ್ಕೇ ಹೆಚ್ಚು ಅಪಾಯಕರ. ಗೋಡೆ ಕಟ್ಟಿದರೆ ಆಯಿತೆಂಬ ನಂಬಿಕೆಗೆ ಕಾಲು ಶತಮಾನದ ಇತಿಹಾಸವಿದೆ. ಮನುಷ್ಯನನ್ನೂ ಯಂತ್ರವನ್ನೂ ಬೇರ್ಪಡಿಸುವ ಒಗಟಿಗೆ 2000ದ ಸುಮಾರಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಫಾನ್ ಆನ್, ಮ್ಯಾನುಯೆಲ್ ಬ್ಲಮ್ ಮತ್ತು ಅವರ ಸಂಗಡಿಗರು ಕ್ಯಾಪ್ಚಾ ಎಂದು ಹೆಸರಿಟ್ಟರು. 2007ರಲ್ಲಿ ಬಂದ ರೀಕ್ಯಾಪ್ಚಾ ಹಳೆಯ ಪತ್ರಿಕೆ-ಪುಸ್ತಕಗಳಲ್ಲಿ ಯಂತ್ರಕ್ಕೆ ಓದಲಾಗದ ಪದಗಳನ್ನು ಮನುಷ್ಯರಿಂದ ಓದಿಸಿಕೊಂಡಿತು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. ಅಂದು ಆ ಒಗಟು ಓದುವಿಕೆಗೆ ನೆರವಾದದ್ದು ನಿಜ. ಇಂದಿನ ಸ್ಥಿತಿ ಬೇರೆ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಸಂಶೋಧಕರ ಅಧ್ಯಯನ ಈ ಒಗಟುಗಳನ್ನು ಬಾಟ್‌ಗಳು ಮನುಷ್ಯರಿಗಿಂತ ವೇಗವಾಗಿ, ಮನುಷ್ಯರಿಗಿಂತ ಸರಿಯಾಗಿ ಬಿಡಿಸುತ್ತವೆಂದು ತೋರಿಸಿತು. 2024ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಸಂಶೋಧಕರು ರೀಕ್ಯಾಪ್ಚಾದ ಎರಡನೆಯ ಆವೃತ್ತಿಯ ಚಿತ್ರ ಒಗಟುಗಳನ್ನು ಯಂತ್ರದಿಂದ ನೂರಕ್ಕೆ ನೂರು ಬಿಡಿಸಿದರು. ಇತ್ತ ಅಂಧ ಓದುಗರಿಗೆ ಈ ಒಗಟುಗಳು ಅಡ್ಡಿಯೆಂಬುದನ್ನು ವೆಬ್ ಕನ್ಸಾರ್ಷಿಯಮ್ 2005ರಿಂದಲೂ ಹೇಳುತ್ತಲೇ ಬಂದಿದೆ. ಯಂತ್ರ ದಾಟುವ, ಅಂಧ ವಿದ್ಯಾರ್ಥಿ ದಾಟಲಾರದ ಗೋಡೆಯನ್ನು ಸುರಕ್ಷೆ ಎಂದು ಕರೆಯುವುದು ಯಾವ ನ್ಯಾಯ?

ಒಗಟು ಬೇಡವೆಂದವರು ಬೆರಳಚ್ಚಿಗೆ ಹೋದರು. ಪರದೆಯ ಅಳತೆ, ಫಾಂಟುಗಳ ಪಟ್ಟಿ, ಕಾಲವಲಯ ಇವನ್ನೆಲ್ಲ ಕೂಡಿಸಿದರೆ ಬಹುಮಂದಿಯ ಬ್ರೌಸರುಗಳನ್ನು ಗುರುತಿಸಬಹುದು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ 2010ರಲ್ಲಿ ನಡೆಸಿದ ಪ್ರಯೋಗದಲ್ಲಿ ಶೇಕಡಾ 83.6ರಷ್ಟು ಬ್ರೌಸರುಗಳು ಒಂದರಂತೆ ಇನ್ನೊಂದಿಲ್ಲದವಾಗಿದ್ದವು. ಬಾಟ್ ಹುಡುಕುವ ನೆಪದಲ್ಲಿ ಯಾರು ಯಾವ ಗ್ರಂಥವನ್ನು ತೆರೆದರೆಂಬ ದಿನಚರಿಯೇ ಹೀಗೆ ಸಿದ್ಧವಾಗಬಲ್ಲದು. ಓದುಗನ ಸಾಧನಕ್ಕೆ ಪ್ರಮಾಣಪತ್ರವಿದ್ದರೆ ಮಾತ್ರ ಪುಟ ಕೊಡಬಹುದಾದ ವೆಬ್ ಎನ್ವಿರಾನ್‌ಮೆಂಟ್ ಇಂಟೆಗ್ರಿಟಿ ಎಂಬ ಯೋಜನೆಯನ್ನು 2023ರಲ್ಲಿ ಗೂಗಲಿನ ತಂತ್ರಜ್ಞರು ಮುಂದಿಟ್ಟರು. ತೀವ್ರ ವಿರೋಧ ಬಂದದ್ದರಿಂದ ಅದೇ ವರ್ಷ ಹಿಂತೆಗೆದುಕೊಂಡರು. ಯೋಜನೆ ಹೋಯಿತು, ಆ ಮನೋಧರ್ಮ ಹೋಗಲಿಲ್ಲ.

ವಿಳಾಸ ನೋಡಿ ತಡೆಯುವ ಪದ್ಧತಿಯ ಹೊಡೆತ ಭಾರತದಂಥ ದೇಶಗಳಿಗೆ ನೇರವಾಗಿ ಬೀಳುತ್ತದೆ. ಹಳೆಯ ಬಗೆಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಇರುವುದು ಸುಮಾರು 429 ಕೋಟಿ. ಅವುಗಳ ದೊಡ್ಡ ಪಾಲು ಮೊದಲು ಬಂದ ದೇಶಗಳಿಗೆ ಹಂಚಿಹೋಗಿದೆ. ಆದ್ದರಿಂದ ಇಲ್ಲಿನ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ಬಹುಸಂಖ್ಯೆಯ ಗ್ರಾಹಕರನ್ನು ಇಡುತ್ತವೆ. ಅವರಲ್ಲೊಬ್ಬನ ಫೋನಿನಿಂದ ಬಾಟ್ ಹಾಯ್ದರೆ ಉಳಿದವರೆಲ್ಲರೂ ಶಂಕಿತರು. ಹೀಗೆ ಹಂಚಿಕೊಂಡ ವಿಳಾಸಗಳು ಉಳಿದವುಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ನಿರ್ಬಂಧಕ್ಕೆ ಒಳಗಾಗುತ್ತವೆಂದು ತಡೆಯ ಸೇವೆಯನ್ನು ಒದಗಿಸುವ ಕ್ಲೌಡ್‌ಫ್ಲೇರ್ ಸಂಸ್ಥೆಯೇ 2025ರಲ್ಲಿ ಪ್ರಕಟಿಸಿತು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಮೊಬೈಲ್ ಸಂಪರ್ಕವೊಂದನ್ನೇ ನಂಬಿದ ಸ್ನಾತಕೋತ್ತರ ವಿದ್ಯಾರ್ಥಿ, ಹೊರದೇಶದ ಗ್ರಂಥಾಲಯದಲ್ಲಿರುವ ಹಳೆಯ ಮುದ್ರಣವನ್ನು ನೋಡಲು ಹೋಗಿ ಹಿಂದಿರುಗಬೇಕಾಗುವುದು ತನ್ನ ತಪ್ಪಿನಿಂದಲ್ಲ.

ಹೆಸರು ನೋಡಿ ತಡೆಯುವುದು ಇನ್ನೂ ವಿಚಿತ್ರ. ಅದು ತಡೆಯುವುದು ನಿಜವಾದ ಹೆಸರನ್ನು ಹೇಳಿದವರನ್ನು ಮಾತ್ರ. ಇಂಟರ್‌ನೆಟ್ ಆರ್ಕೈವಿನ ಮೂಲಕ ಕೃತಕ ಬುದ್ಧಿಮತ್ತೆಯ ಕಂಪನಿಗಳು ತನ್ನ ಪುಟಗಳನ್ನು ಬಾಚಿಕೊಳ್ಳುತ್ತಿವೆಯೆಂದು ರೆಡಿಟ್ 2025ರಲ್ಲಿ ಆ ಆರ್ಕೈವಿನ ಬಾಟ್‌ಗೇ ನಿರ್ಬಂಧ ಹೇರಿತು. ಸಂರಕ್ಷಣೆಗಾಗಿ ಬಹಿರಂಗವಾಗಿ ಬಂದವನಿಗೆ ದಂಡ, ವೇಷಧಾರಿಗೆ ಪ್ರವೇಶ. ಇಂಥ ನಿಯಮ ಪ್ರತಿಯೊಂದು ಬಾಟ್‌ಗೂ ಕಲಿಸುವ ಪಾಠ ಒಂದೇ: ಸತ್ಯ ಹೇಳಬೇಡ.

ಹಾಗಾದರೆ ಭಂಡಾರಗಳು ಕೈಕಟ್ಟಿ ಕೂರಬೇಕೇ? ಬೇಕಿಲ್ಲ. ಮೊದಲನೆಯದಾಗಿ, ಎಲ್ಲವನ್ನೂ ಬೇಕೆನ್ನುವವರಿಗೆ ಬೇರೆ ಬಾಗಿಲು ತೆರೆಯಬೇಕು. ವಿಕಿಮೀಡಿಯಾ ತನ್ನ ಪಠ್ಯಸಂಗ್ರಹದ ಇಡೀ ಪ್ರತಿಗಳನ್ನು ನಿಯತವಾಗಿ ಹೊರಡಿಸುತ್ತದೆ. ಭಂಡಾರಗಳ ಸೂಚಿಗಳನ್ನು ಯಂತ್ರಗಳಿಗೆ ಒಟ್ಟಾಗಿ ಒದಗಿಸುವ ಒಎಐ-ಪಿಎಂಎಚ್ ಎಂಬ ಕ್ರಮ 2001ರಿಂದಲೂ ಬಳಕೆಯಲ್ಲಿದೆ. ಇದು ಅತ್ತಿಮಬ್ಬೆಯ ದಾರಿ. ಪ್ರತಿ ಬೇಕಾದವನಿಗೆ ಪ್ರತಿ ಕೊಟ್ಟರೆ ಅವನು ಓದುಗನ ವೇಷ ಹಾಕಬೇಕಾಗಿಲ್ಲ. ಇಷ್ಟಾದ ಮೇಲೂ ವೇಷ ಹಾಕಿದವನ ಉದ್ದೇಶ ಸ್ಪಷ್ಟವಾಗುತ್ತದೆ.

ಎರಡನೆಯದಾಗಿ, ಗುರುತನ್ನು ಸಾಬೀತುಪಡಿಸುವ ಹೊಣೆ ಬಾಟ್‌ಗೆ ಸೇರಬೇಕು. ಬೇಡಿಕೆಗೆ ಗೂಢಲಿಪಿಯ ಸಹಿಯನ್ನು ಲಗತ್ತಿಸುವ ಮಾನಕ 2024ರಲ್ಲಿ ಬಂದಿದೆ. ಸಹಿ ಹಾಕಿದ ಬಾಟ್‌ಗೆ ಮಿತಿಯೊಳಗೆ ಪ್ರವೇಶ ಕೊಡಬಹುದು, ಮಿತಿ ಮೀರಿದರೆ ಹೆಸರಿಟ್ಟು ತಡೆಯಬಹುದು. 2025ರ ಆರಂಭದಲ್ಲಿ ಬಂದ ಅನುಬಿಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ವಿವೇಕದ ಒಂದು ಎಳೆ ಇದೆ. ಅದು ಸಾಮಾನ್ಯವಾಗಿ ಪರೀಕ್ಷೆಗೆ ಒಡ್ಡುವುದು ಮೊಜಿಲ್ಲಾ ಎಂದು ಹೇಳಿಕೊಂಡು, ಅಂದರೆ ಬ್ರೌಸರಿನ ಹೆಸರಿನಲ್ಲಿ ಬಂದವರನ್ನು. ಒಂದು ಗಣಿತದ ಲೆಕ್ಕವನ್ನು ಅವರ ಯಂತ್ರದಿಂದಲೇ ಮಾಡಿಸುತ್ತದೆ. ಚಿತ್ರ ಒಗಟಿಗಿಂತ ಇದು ವಾಸಿ. ಆದರೆ ಮೃತರ ಹೃದಯವನ್ನು ತೂಗುವ ಈಜಿಪ್ಟಿನ ದೇವತೆಯ ಹೆಸರಿಟ್ಟುಕೊಂಡ ಈ ತಂತ್ರಾಂಶ ತೂಗುವುದು ಓದುಗನ ಪ್ರೊಸೆಸರನ್ನು. ಹಳೆಯ ಅಗ್ಗದ ಫೋನು ಹೆಚ್ಚು ಹೊತ್ತು ಬೆವರಬೇಕಾಗುತ್ತದೆ. ಹಣವಂತ ಕಂಪನಿಯ ಸರ್ವರಿಗೆ ಆ ಲೆಕ್ಕ ಏನೇನೂ ಅಲ್ಲ. ದಾಳಿ ನಡೆಯುತ್ತಿರುವಾಗ ತಾತ್ಕಾಲಿಕವಾಗಿ ಬಳಸಲು ಅದು ಒಪ್ಪುವಂಥದು, ನಿತ್ಯದ ಹೊಸ್ತಿಲಾಗಲು ಅಲ್ಲ.

ಮೂರನೆಯದಾಗಿ, ತೀರ್ಪು ನಡತೆಯ ಮೇಲೆ ನಿಲ್ಲಬೇಕು. ಓದುಗನ ಕಣ್ಣಿಗೆ ಕಾಣದ, ನಿಷೇಧಿತವೆಂದು ಕಡತದಲ್ಲಿ ಬರೆದಿಟ್ಟ ಕೊಂಡಿಯನ್ನು ಹಿಂಬಾಲಿಸಿದವನು ಓದುಗನಾಗಿರುವುದು ವಿರಳ. ಹೇಳಿಕೆಗೂ ಲಕ್ಷಣಕ್ಕೂ ವಿರೋಧವಿರುವುದು ಒಂದು ಸಾಕ್ಷಿ. ಇಂಥ ಎರಡು ಮೂರು ಸಾಕ್ಷಿಗಳು ಕೂಡಿದಾಗ ಮಾತ್ರ ತಡೆಯಬೇಕು. ತಡೆದಾಗ ಬೇಡಿಕೆ ಹೆಚ್ಚಾಯಿತೆಂದು ಸೂಚಿಸುವ 429ನೆಯ ಸಂಕೇತವನ್ನೂ ಮತ್ತೆ ಯಾವಾಗ ಬರಬಹುದೆಂಬುದನ್ನೂ ತಿಳಿಸಬೇಕು. ತಪ್ಪಾಗಿ ತಡೆಯಲ್ಪಟ್ಟ ಓದುಗ ಬರೆದು ಕೇಳಲು ಒಂದು ವಿಳಾಸವಿರಬೇಕು.

ನಾಲ್ಕನೆಯದಾಗಿ, ವಂಚನೆಗೆ ಪ್ರತಿವಂಚನೆ ಗ್ರಂಥಾಲಯದ ಮಾರ್ಗವಾಗಕೂಡದು. ಶಂಕಿತ ಬಾಟ್‌ಗೆ ಸಂಬಂಧವಿಲ್ಲದ ಯಂತ್ರರಚಿತ ಪುಟಗಳ ಚಕ್ರವ್ಯೂಹವನ್ನು ತೋರಿಸಿ ದಣಿಸುವ ಸೌಲಭ್ಯವನ್ನು ಕ್ಲೌಡ್‌ಫ್ಲೇರ್ 2025ರಲ್ಲಿ ಪರಿಚಯಿಸಿತು. ವಾಣಿಜ್ಯತಾಣಗಳಿಗೆ ಅದು ಹೇಗೋ ಏನೋ. ಪಾಠಶುದ್ಧಿಯೇ ಪ್ರಾಣವಾದ ಭಂಡಾರ ತನ್ನ ಹೆಸರಿನ ಕೆಳಗೆ ಒಂದೇ ಒಂದು ಪುಟ ಹುಸಿಯನ್ನು ಹಂಚಿದರೂ ಅದು ತಾನೇ ಪ್ರತಿರೂಪಕ ವ್ಯವಹಾರಕ್ಕೆ ಇಳಿದಂತೆ. ಬಾಗಿಲನ್ನು ಮುಚ್ಚಬಹುದು, ಕೃತಕ ಚಿನ್ನವನ್ನು ಕೊಡಬಾರದು.

ಭಯದಿಂದ ಮುಚ್ಚಿದ ಬಾಗಿಲು ಎಷ್ಟು ಕಾಲ ಮುಚ್ಚಿರಬಲ್ಲದು ಎಂಬುದಕ್ಕೆ ಮೂಡಬಿದಿರೆ ಉದಾಹರಣೆ. ಷಟ್ಖಂಡಾಗಮದ ಮೇಲಿನ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು; ಆದರೆ ದೊರಕುತ್ತಿದ್ದುದು ದರ್ಶನ ಮಾತ್ರ, ಅಧ್ಯಯನವಲ್ಲ. ಅವುಗಳನ್ನು ಪ್ರತಿ ಮಾಡುವ ಕೆಲಸ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಕಾಪಾಡಿದವರ ಋಣ ದೊಡ್ಡದು. ಓದಲು ಸಿಗದೆ ಹೋದ ತಲೆಮಾರುಗಳ ನಷ್ಟವೂ ಸಣ್ಣದಲ್ಲ. ಇಂದಿನ ಡಿಜಿಟಲ್ ಭಂಡಾರಗಳು ಕಾಪಾಡುವುದನ್ನೂ ಓದಿಸುವುದನ್ನೂ ಒಟ್ಟಿಗೆ ಮಾಡಬಲ್ಲ ಸಾಧನಗಳನ್ನು ಹೊಂದಿಯೂ ಹಳೆಯ ಭಯಕ್ಕೆ ಮರಳಿದರೆ ಅದಕ್ಕೆ ಕ್ಷಮೆಯಿಲ್ಲ.

ಕಾವಲಿನ ತಂತ್ರಾಂಶಗಳು ತಿಂಗಳು ತಿಂಗಳೂ ಒಪ್ಪಿಸುವ ವರದಿಯಲ್ಲಿ ತಡೆಯಲಾದ ಬಾಟ್‌ಗಳ ಸಂಖ್ಯೆ ದೊಡ್ಡ ಅಕ್ಷರಗಳಲ್ಲಿರುತ್ತದೆ. ಬಾಗಿಲಿನಿಂದ ಹಿಂದಿರುಗಿದ ಓದುಗರ ಸಂಖ್ಯೆಗೆ ಅಲ್ಲಿ ಕಾಲಮ್ಮೇ ಇರುವುದಿಲ್ಲ. ಗ್ರಂಥಪಾಲಕರೂ ವಿಶ್ವವಿದ್ಯಾಲಯಗಳೂ ಕಾವಲನ್ನು ಕೊಳ್ಳುವ ಮೊದಲು ಆ ಕಾಲಮ್ಮನ್ನು ಕೇಳಬೇಕು, ಸಿಗದಿದ್ದರೆ ಕೊಳ್ಳಬಾರದು.